ಗಾಂಜಾಕ್ಕೆ 28 ದಿನಗಳ ರಜೆ: ಒಗ್ಗಿಹೋದ ಮೈಯನ್ನು ಹಿಂದಕ್ಕೆ ತರುವ ಬಗೆ

ಒಂದು ಕಾಲದಲ್ಲಿ ಒಂದು ಜಾಯಿಂಟನ್ನು ಮೂವರು ಹಂಚಿಕೊಂಡು ಸೇದಿ, ಉಳಿದ ತುಂಡನ್ನು ನಾಳೆಗೆಂದು ಎತ್ತಿಡುತ್ತಿದ್ದೆವು. ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಲೆಕ್ಕ ಹಾಕಿದರೆ ನಾನೊಬ್ಬನೇ ದಿನಕ್ಕೆ ನಾಲ್ಕು ಮುಗಿಸುತ್ತಿದ್ದೆ. ಬೆಳಗಿನ ಸಿಡುಕು ಇಳಿದು ಎದುರಿಗಿದ್ದವರ ಜೊತೆ ನೆಟ್ಟಗೆ ಮಾತನಾಡುವುದಕ್ಕೇ ಮೊದಲನೆಯದು ಖರ್ಚಾಗುತ್ತಿತ್ತು. ನಗು ಹೋಗಿತ್ತು, ಹಾಡು ಇಂಪಾಗಿ ಕೇಳಿಸುವುದು ಹೋಗಿತ್ತು, ಖರ್ಚು ಮಾತ್ರ ಏರಿತ್ತು. ಮಾಲು ಕಳಪೆ ಎಂದು ಮಾರುವವನನ್ನು ಬೈದುಕೊಳ್ಳುತ್ತಿದ್ದೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ನನ್ನ ಮೈ ಒಗ್ಗಿಹೋಗಿತ್ತು.

ವೈದ್ಯರು ಟಾಲರೆನ್ಸ್ ಎನ್ನುವುದನ್ನು ಈ ಬರಹದಲ್ಲಿ ಒಗ್ಗಿಕೆ ಎಂದು ಕರೆಯುತ್ತೇನೆ. ಅದನ್ನು ಇಳಿಸಲು ಇರುವ ದಾರಿ ಒಂದೇ: ಕೆಲವು ವಾರ ಪೂರ್ತಿ ನಿಲ್ಲಿಸುವುದು. ನಾನು ಮೂರು ಸಲ ಪ್ರಯತ್ನಿಸಿ ಎರಡು ಸಲ ಸೋತಿದ್ದೇನೆ. ಎರಡು ಸಲವೂ ನನ್ನನ್ನು ಕೆಡವಿದ್ದು ಗಾಂಜಾದ ಜೊತೆ ಬೆರೆಸುತ್ತಿದ್ದ ತಂಬಾಕು ಮತ್ತು ರಾತ್ರಿ ಒಂಬತ್ತೂವರೆ ಗಂಟೆ. ಆದ್ದರಿಂದ ಇಲ್ಲಿ ಆ ಎರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಳಗೆ ನಡೆಯುವುದೇನು

ಗಾಂಜಾದ ಅಮಲಿಗೆ ಮುಖ್ಯ ಕಾರಣ ಟಿಎಚ್‌ಸಿ. ಇಸ್ರೇಲಿನ ರಫಾಯೆಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಅದನ್ನು ಬೇರ್ಪಡಿಸಿ ಅದರ ರಚನೆಯನ್ನು ಗುರುತಿಸಿದರು. ಮೆದುಳಿನಲ್ಲಿ ಅದು ಹೋಗಿ ಕೂರುವ ಜಾಗದ ಹೆಸರು ಸಿಬಿ-1 ಗ್ರಾಹಕ. ಈ ಗ್ರಾಹಕಗಳು ಗಾಂಜಾಕ್ಕಾಗಿ ಹುಟ್ಟಿದವಲ್ಲ. ನಮ್ಮ ಮೈ ತಾನೇ ತಯಾರಿಸಿಕೊಳ್ಳುವ ರಾಸಾಯನಿಕಗಳಿಗಾಗಿ ಅವು ಇವೆ. ಅಂಥದ್ದೊಂದನ್ನು ಮೆಶೂಲಂ ತಂಡ 1992ರಲ್ಲಿ ಪತ್ತೆಹಚ್ಚಿ ಅನಂಡಮೈಡ್ ಎಂದು ಹೆಸರಿಟ್ಟಿತು. ಆ ಹೆಸರಿನೊಳಗೆ ಕೂತಿರುವುದು ಸಂಸ್ಕೃತದ ‘ಆನಂದ’ವೇ.

ಕನ್ನಡದ ವಿಜ್ಞಾನ ಬರಹಗಳಲ್ಲಿ ಗ್ರಾಹಕ ಎಂಬ ಪದ ಬಳಕೆಗೆ ಬಂದದ್ದು ಆಕಸ್ಮಿಕವಿರಬಹುದು, ಆದರೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಸಂತೆಗೆ ದಿನವೂ ಲಾರಿಗಟ್ಟಲೆ ಟೊಮೆಟೊ ಬಂದು ಬಿದ್ದರೆ ಗ್ರಾಹಕರು ಮುಖ ತಿರುಗಿಸುತ್ತಾರಲ್ಲ, ಹಾಗೆಯೇ ಟಿಎಚ್‌ಸಿ ದಿನವೂ ಸುರಿಯುತ್ತಿದ್ದರೆ ಸಿಬಿ-1 ಗ್ರಾಹಕಗಳು ಜೀವಕೋಶದ ಮೇಲ್ಮೈ ಬಿಟ್ಟು ಒಳಗೆ ಸರಿಯುತ್ತವೆ. ಉಳಿದವುಗಳ ಚುರುಕೂ ತಗ್ಗುತ್ತದೆ. 2012ರಲ್ಲಿ ಪ್ರಕಟವಾದ ಪೆಟ್ ಸ್ಕ್ಯಾನ್ ಅಧ್ಯಯನವೊಂದು, ದಿನವೂ ಸೇದುವವರ ಮೆದುಳಿನ ಹೊರಪದರದಲ್ಲಿ ಈ ಗ್ರಾಹಕಗಳು ಸುಮಾರು ಶೇ 20ರಷ್ಟು ಕಡಿಮೆಯಾಗಿದ್ದುದನ್ನು ತೋರಿಸಿತು. ಸುಮಾರು ನಾಲ್ಕು ವಾರ ಬಿಟ್ಟ ಮೇಲೆ ಬಹುತೇಕ ಭಾಗಗಳಲ್ಲಿ ಅವು ಹಿಂದಿನ ಮಟ್ಟಕ್ಕೆ ಮರಳಿದ್ದವು. 2016ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಎರಡನೆಯ ದಿನಕ್ಕೇ ಚೇತರಿಕೆ ಆರಂಭವಾಗಿತ್ತು. 28ನೆಯ ದಿನ ಸೇದುವವರಿಗೂ ಸೇದದವರಿಗೂ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ.

ಶೀರ್ಷಿಕೆಯ 28 ಬಂದದ್ದು ಅಲ್ಲಿಂದ. ದಿನವೂ ಸೇದುವವರಿಗೆ ಇದು ಸರಿಯಾದ ಅಳತೆ. ವಾರಕ್ಕೊಮ್ಮೆ ಸೇದುವವರಿಗೆ ಇಷ್ಟು ಉದ್ದದ ರಜೆ ಬೇಕಿಲ್ಲ, ಏಕೆಂದರೆ ಅವರ ಮೈ ಅಷ್ಟಾಗಿ ಒಗ್ಗಿರುವುದಿಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ಭಕ್ತರ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಮಾತ್ರ ಮುಟ್ಟುವವನಿಗೆ ಒಗ್ಗಿಕೆ ಎಂಬ ಸಮಸ್ಯೆಯೇ ಇಲ್ಲ. ಎರಡು ದಿನ ಬಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಎರಡು ದಿನದಲ್ಲಿ ಸಿಗುವುದು ಆರಂಭ ಮಾತ್ರ, ಮೂರನೆಯ ದಿನ ಸೇದಿದರೆ ಅದೂ ಹೋಯಿತು.

ಇನ್ನೊಂದು ವಿಷಯ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ತುಪ್ಪದ ಪಾತ್ರೆಯನ್ನು ತಣ್ಣೀರಿನಲ್ಲಿ ತೊಳೆದಂತೆ ಅದು ಮೈಯಿಂದ ನಿಧಾನವಾಗಿಯೇ ಬಿಡುತ್ತದೆ. ನಿಂಬೆರಸ, ಲೀಟರುಗಟ್ಟಲೆ ನೀರು, ಆನ್‌ಲೈನ್‌ನಲ್ಲಿ ಮಾರುವ ಡಿಟಾಕ್ಸ್ ಪಾನೀಯ, ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ದಿನವೂ ಸೇದುತ್ತಿದ್ದವರ ಮೂತ್ರದಲ್ಲಿ ಅದರ ಉಳಿಕೆ ವಾರಗಟ್ಟಲೆ ಸಿಗುತ್ತದೆ. ಕೆಲಸಕ್ಕೆ ಸೇರುವ ಮುಂಚಿನ ಪರೀಕ್ಷೆ ಎದುರಿಗಿದ್ದರೆ ಇದು ನೆನಪಿರಲಿ.

ಮೊದಲು ವೈದ್ಯರನ್ನು ಕಾಣಬೇಕಾದವರು

ಮನೋರೋಗಕ್ಕೆ ಕ್ಲೋಜಪಿನ್ ಅಥವಾ ಓಲಾಂಜಪಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಹೇಳದೆ ಹೊಗೆ ನಿಲ್ಲಿಸಬಾರದು. ಹೊಗೆ ನಿಂತೊಡನೆ ಈ ಔಷಧಗಳ ಪ್ರಮಾಣ ರಕ್ತದಲ್ಲಿ ಏರುತ್ತದೆ, ಮಾತ್ರೆಯ ಅಳತೆಯನ್ನು ಬದಲಿಸಬೇಕಾಗಬಹುದು. ದಿನವೂ ಮದ್ಯ ಕುಡಿಯುವವರು ಎರಡನ್ನೂ ಒಟ್ಟಿಗೆ ತಟ್ಟನೆ ನಿಲ್ಲಿಸುವ ಸಾಹಸ ಮಾಡಬಾರದು. ಗಾಂಜಾ ಬಿಟ್ಟಾಗಿನ ಕಾಟ ಸಾಮಾನ್ಯವಾಗಿ ಜೀವಕ್ಕೆ ಅಪಾಯ ತರುವುದಿಲ್ಲ, ಮದ್ಯ ಬಿಟ್ಟಾಗಿನ ಕಾಟ ತರಬಲ್ಲದು. ಕಿವಿಯಲ್ಲಿ ದನಿಗಳು ಕೇಳಿಸಿದ್ದವರು, ವಿಪರೀತ ಸಂಶಯಕ್ಕೆ ಬಿದ್ದಿದ್ದವರು, ಮನೆಯಲ್ಲಿ ಅಂಥ ಕಾಯಿಲೆಯ ಚರಿತ್ರೆ ಇರುವವರು ರಜೆ ಮುಗಿಸಿ ಮರಳುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ವರ್ಷಗಟ್ಟಲೆ ಸೇದಿದವರಲ್ಲಿ ಕೆಲವರಿಗೆ ಮತ್ತೆ ಮತ್ತೆ ವಾಂತಿ ಬರುತ್ತದೆ, ಬಿಸಿನೀರಿನ ಸ್ನಾನ ಮಾಡುವಷ್ಟು ಹೊತ್ತು ಮಾತ್ರ ನೆಮ್ಮದಿ. ಇದು ಗಾಂಜಾದಿಂದಲೇ ಬರುವ ಕಾಯಿಲೆ ಎಂದು ಆಸ್ಟ್ರೇಲಿಯಾದ ವೈದ್ಯರು 2004ರಲ್ಲಿ ವಿವರಿಸಿದರು. ಹೀಗಾಗುತ್ತಿದ್ದರೆ ನಿಮಗೆ ಬೇಕಿರುವುದು ರಜೆಯಲ್ಲ, ಪೂರ್ಣವಿರಾಮ.

ಮೊದಲ ಹೆಜ್ಜೆ: ತಂಬಾಕನ್ನು ಬೇರ್ಪಡಿಸಿ

ನಮ್ಮಲ್ಲಿ ಬಹುತೇಕರು ಗಾಂಜಾವನ್ನು ಒಂಟಿಯಾಗಿ ಸೇದುವುದಿಲ್ಲ. ಸಿಗರೇಟನ್ನು ಅಂಗೈಯಲ್ಲಿ ಹೊಸಕಿ, ಅರ್ಧ ತಂಬಾಕು ಉದುರಿಸಿ, ಅರ್ಧಕ್ಕೆ ಸೊಪ್ಪು ಬೆರೆಸಿ ಮತ್ತೆ ತುಂಬುವುದೇ ರೂಢಿ. ಚಿಲುಮೆ ಸೇದುವವರದೂ ಅದೇ ಕಥೆ. ‘ನಾನು ಸಿಗರೇಟು ಸೇದುವುದಿಲ್ಲ’ ಎಂದು ಎದೆ ತಟ್ಟಿಕೊಳ್ಳುವ ಎಷ್ಟೋ ಮಂದಿ ದಿನಕ್ಕೆ ಎರಡು ಮೂರು ಸಿಗರೇಟಿನಷ್ಟು ನಿಕೋಟಿನ್ ಒಳಗೆ ಎಳೆಯುತ್ತಿರುತ್ತಾರೆ. ನಾನೂ ಅವರಲ್ಲೊಬ್ಬ.

ಮೊದಲ ಪ್ರಯತ್ನದ ನಾಲ್ಕನೆಯ ದಿನ ನನಗೆ ತಲೆನೋವು ಹತ್ತಿತು, ಕೈ ಸಣ್ಣಗೆ ನಡುಗಿತು, ಬಸ್ ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೆ ಜಗಳವಾಯಿತು. ಗಾಂಜಾ ನನ್ನನ್ನು ಇಷ್ಟು ಹಿಡಿದಿದೆಯೇ ಎಂದು ಹೆದರಿ ಅಂದು ಸಂಜೆಯೇ ಸೇದಿಬಿಟ್ಟೆ. ಆ ಸಂಕಟದಲ್ಲಿ ಅರ್ಧದಷ್ಟಾದರೂ ನಿಕೋಟಿನ್ನಿನದು ಎಂಬುದು ಹೊಳೆದದ್ದು ಮೂರನೆಯ ಪ್ರಯತ್ನದ ಹೊತ್ತಿಗೆ. ಎರಡರ ಕಾಟವೂ ಒಂದೇ ಬಗೆಯದು: ಸಿಡುಕು, ನಿದ್ದೆಗೇಡು, ಚಡಪಡಿಕೆ. ಒಟ್ಟಿಗೆ ಬಂದರೆ ಯಾವುದು ಯಾವುದರದೆಂದು ತಿಳಿಯುವುದಿಲ್ಲ.

ಆದ್ದರಿಂದ ರಜೆ ಆರಂಭಿಸುವ ಮೂರು ನಾಲ್ಕು ವಾರ ಮೊದಲೇ ಬೆರಕೆಯಲ್ಲಿ ತಂಬಾಕನ್ನು ಇಳಿಸುತ್ತ ಬಂದು ಸೊನ್ನೆಗೆ ತನ್ನಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಔಷಧಿ ಅಂಗಡಿಯಲ್ಲಿ 2 ಮಿಲಿಗ್ರಾಂನ ನಿಕೋಟಿನ್ ಚೂಯಿಂಗ್ ಗಮ್ ಸಿಗುತ್ತದೆ. ಅದನ್ನು ಬಬಲ್‌ಗಮ್‌ನಂತೆ ಒಂದೇ ಸಮನೆ ಜಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳೆಸುವುದು ಖಚಿತ. ನಾಲ್ಕಾರು ಸಲ ಜಗಿದು, ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಆರಿದ ಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದ ತಕ್ಷಣ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ, ಕಾಲು ಗಂಟೆ ಬಿಡಿ.

ಕಾಫಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಹೊಗೆ ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ. ಅದೇ ಎರಡು ಲೋಟ ಫಿಲ್ಟರ್ ಕಾಫಿ ಆಗ ಮೂರು ನಾಲ್ಕು ಲೋಟದ ಕೆಲಸ ಮಾಡುತ್ತದೆ: ಎದೆ ಬಡಿತ, ಕೈನಡುಕ, ರಾತ್ರಿ ಎರಡಾದರೂ ಬಿಟ್ಟಗಣ್ಣು. ಮೊದಲ ವಾರ ಕಾಫಿಯನ್ನು ಅರ್ಧಕ್ಕಿಳಿಸಿ, ಮಧ್ಯಾಹ್ನದ ಮೇಲೆ ಮುಟ್ಟಬೇಡಿ. ನನ್ನ ಮಟ್ಟಿಗೆ ಇಡೀ ರಜೆಯಲ್ಲಿ ಅತಿ ಕಷ್ಟದ ಭಾಗ ಇದೇ ಆಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ.

ಎರಡನೆಯ ಹೆಜ್ಜೆ: ದಿನ ಗೊತ್ತುಮಾಡಿ, ಮನೆ ಖಾಲಿಮಾಡಿ

ಶುಕ್ರವಾರ ರಾತ್ರಿ ಕೊನೆಯದು ಎಂದು ಇಟ್ಟುಕೊಳ್ಳಿ. ಕಾಟ ಸಾಮಾನ್ಯವಾಗಿ 24ರಿಂದ 72 ಗಂಟೆಗಳೊಳಗೆ ಶುರುವಾಗುತ್ತದೆ, ಮೊದಲ ವಾರದಲ್ಲೇ ತುದಿ ಮುಟ್ಟುತ್ತದೆ. ಶುಕ್ರವಾರ ನಿಲ್ಲಿಸಿದರೆ ಮೊದಲ ಎರಡು ರಾತ್ರಿಗಳ ನಿದ್ದೆಗೇಡು ಕಚೇರಿ ಇಲ್ಲದ ದಿನಗಳಿಗೆ ಬೀಳುತ್ತದೆ. ಹಬ್ಬ, ಮದುವೆ, ಗೋಕರ್ಣ ಪ್ರವಾಸ ಇರುವ ತಿಂಗಳನ್ನು ಬಿಟ್ಟು ಖಾಲಿ ತಿಂಗಳೊಂದನ್ನು ಆರಿಸಿ.

ದಿನಕ್ಕೆ ಮೂರು ನಾಲ್ಕು ಸಲ ಸೇದುವವರು ತಟ್ಟನೆ ನಿಲ್ಲಿಸುವ ಬದಲು ಅದಕ್ಕೆ ಹಿಂದಿನ ವಾರ ದಿನದ ಮೊದಲನೆಯದನ್ನು ಮುಂದೂಡುತ್ತ ಬರಲಿ. ಬೆಳಿಗ್ಗೆ ಎಂಟಕ್ಕಿದ್ದದ್ದು ಮಧ್ಯಾಹ್ನಕ್ಕೆ, ಅಲ್ಲಿಂದ ಸಂಜೆಗೆ, ಕೊನೆಗೆ ರಾತ್ರಿಗೆ. ಎಣಿಕೆ ತಾನಾಗಿ ಇಳಿಯುತ್ತದೆ.

ಆಮೇಲೆ ಸಾಮಾನು. ನನ್ನದು ಹಳೆಯ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ. ಸೋಪು ಹಾಕಿ ತೊಳೆದೆ, ಬಿಸಿಲಿಗಿಟ್ಟೆ, ಮುಚ್ಚಳ ತೆಗೆದರೆ ವಾಸನೆ ಹಾಗೆಯೇ ಇತ್ತು. ಎರಡನೆಯ ಪ್ರಯತ್ನದಲ್ಲಿ ಆ ಖಾಲಿ ಡಬ್ಬಿಯನ್ನು ಪುಸ್ತಕದ ಕಪಾಟಿನಲ್ಲಿ ಬಿಟ್ಟಿದ್ದೆ. ಒಂಬತ್ತನೆಯ ರಾತ್ರಿ ಅದರ ತಳ ಕೆರೆದು ಒಂದು ಚಿಟಿಕೆ ಪುಡಿ ತೆಗೆದು ಸೇದಿದೆ. ಅಮಲೂ ಬರಲಿಲ್ಲ, ರಜೆಯೂ ಮುರಿಯಿತು. ಆದ್ದರಿಂದ ಡಬ್ಬಿ, ಗ್ರೈಂಡರ್, ಪೇಪರು, ಲೈಟರು ಎಲ್ಲವೂ ಮನೆಯಿಂದ ಹೊರಗೆ ಹೋಗಬೇಕು. ಮಾರುವವನ ಫೋನ್ ನಂಬರು ಅಳಿಸಬೇಕು. ಅದು ಬಾಯಿಪಾಠವಾಗಿದ್ದರೆ ಅವನ ಕಡೆಯಿಂದ ಬರುವ ಸಂದೇಶಗಳನ್ನಾದರೂ ತಡೆಹಿಡಿಯಿರಿ. ಜೊತೆಗೆ ಸೇದುವ ಗೆಳೆಯರಿಗೆ 28 ದಿನ ಎಂದು ಎಣಿಕೆ ಸಮೇತ ಹೇಳಿ. ‘ಬಿಟ್ಟುಬಿಟ್ಟೆ’ ಎಂದರೆ ಅವರು ಗೇಲಿ ಮಾಡುತ್ತಾರೆ, ‘ಇಂಥ ತಾರೀಖಿನವರೆಗೆ’ ಎಂದರೆ ಸುಮ್ಮನಿರುತ್ತಾರೆ.

ಮೂರನೆಯ ಹೆಜ್ಜೆ: ಮೊದಲ ಐದು ರಾತ್ರಿಗಳು

ಗಾಂಜಾ ಬಿಟ್ಟರೆ ಏನೂ ಆಗುವುದಿಲ್ಲ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಈ ಕಾಟವನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 2013ರಲ್ಲಿ. ಅದರ ಪಟ್ಟಿಯಲ್ಲಿರುವುದು: ಸಿಟ್ಟು, ಆತಂಕ, ನಿದ್ದೆಗೇಡು ಮತ್ತು ಕೆಟ್ಟ ಕನಸು, ಹಸಿವು ಕುಗ್ಗುವುದು, ಚಡಪಡಿಕೆ, ಮಂಕು. ಇವುಗಳ ಜೊತೆಗೆ ಹೊಟ್ಟೆನೋವು, ನಡುಕ, ಬೆವರು, ಜ್ವರ, ಚಳಿ, ತಲೆನೋವುಗಳಲ್ಲಿ ಯಾವುದಾದರೂ ಬರಬಹುದು. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ನನಗೆ ಬೆವರು ಬಂತು. ಎರಡನೆಯ ರಾತ್ರಿ ಎದ್ದು ನೋಡಿದರೆ ಹಾಸಿಗೆಯ ಮೇಲೆ ನನ್ನ ಆಕಾರದ ಒದ್ದೆ ಗುರುತು. ಹಾಸಿಗೆಯ ಪಕ್ಕ ಒಂದು ಹತ್ತಿ ಪಂಚೆ, ಒಂದು ಬನಿಯನ್, ಒಂದು ಚೊಂಬು ನೀರು ಇಟ್ಟುಕೊಂಡು ಮಲಗಿ. ಮಧ್ಯರಾತ್ರಿ ದೀಪ ಹಾಕಿ ಕಪಾಟು ಹುಡುಕಲು ಹೊರಟರೆ ಮತ್ತೆ ನಿದ್ದೆ ಹತ್ತುವುದಿಲ್ಲ.

ಇನ್ನು ಆ ಒಂಬತ್ತೂವರೆ. ಪ್ರತಿಯೊಬ್ಬರಿಗೂ ಅಂಥದ್ದೊಂದು ಗಳಿಗೆ ಇರುತ್ತದೆ. ಊಟವಾಗಿದೆ, ಪಾತ್ರೆ ತೊಳೆದಾಗಿದೆ, ಟೆರೇಸಿನ ಮೆಟ್ಟಿಲು ಕಾಣುತ್ತಿದೆ, ಹೆಬ್ಬೆರಳು ತೋರುಬೆರಳುಗಳು ತಾವಾಗಿಯೇ ಪೇಪರು ಸುತ್ತುವ ಆಟ ಶುರುಮಾಡುತ್ತವೆ. ನನ್ನ ಬೆರಳುಗಳು ನಿಜವಾಗಿಯೂ ಹಾಗೆ ಮಾಡುತ್ತಿದ್ದವು, ಬಸ್ ಟಿಕೆಟ್ ಕೈಯಲ್ಲಿದ್ದರೆ ಅದನ್ನೇ ಸುತ್ತುತ್ತಿದ್ದವು. ಈ ಸೆಳೆತ ಅಲೆಯಂತೆ ಏರಿ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಕೈಗೆ ಮತ್ತು ಬಾಯಿಗೆ ಬೇರೆ ಕೆಲಸ ಬೇಕು. ಮೊಬೈಲ್ ಸಾಲದು, ಅದು ಒಂದು ಕೈಯನ್ನು ಖಾಲಿ ಬಿಡುತ್ತದೆ. ನಾನು ಅವರೆಕಾಯಿ ಸುಲಿದೆ. ಬೆಂಗಳೂರಿನಲ್ಲಿ ಅದು ಡಿಸೆಂಬರ್, ರಸ್ತೆ ಬದಿಯಲ್ಲೆಲ್ಲ ಅವರೆಯ ರಾಶಿ. ನೆನೆಸಿದ ಕಾಳನ್ನು ಹಿಚುಕಿ ಸಿಪ್ಪೆ ಬಿಡಿಸುವ ಕೆಲಸಕ್ಕೆ ಬೇಕಾಗುವುದು ಜಾಯಿಂಟು ಸುತ್ತುವ ಅವೇ ಎರಡು ಬೆರಳು. ಅಕ್ಕನ ಮನೆಗೆ ಆ ತಿಂಗಳು ಹಿದುಕಿದ ಬೇಳೆ ಸಾಕೆನಿಸುವಷ್ಟು ಹೋಯಿತು.

ಊಟ ಸೇರದಿದ್ದರೆ ಬಲವಂತ ಬೇಡ. ಗಂಜಿ, ಮೊಸರನ್ನ, ಮಜ್ಜಿಗೆ, ಬಾಳೆಹಣ್ಣು ಸಾಕು. ಒಂದು ವಾರದಲ್ಲಿ ಹಸಿವು ಮರಳುತ್ತದೆ. ನಿದ್ದೆಗೆ ಒಂದೇ ನಿಯಮ: ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಸಂಜೆ ಬೆವರು ಬರುವಷ್ಟು ನಡೆಯಿರಿ.

ಬದಲಿಗೆ ಏನನ್ನು ಹಿಡಿಯಬಾರದು ಎಂಬುದೂ ಅಷ್ಟೇ ಮುಖ್ಯ. ನಿದ್ದೆಗೆಂದು ಎರಡು ಪೆಗ್ ಹಾಕುವವನು 28ನೆಯ ದಿನಕ್ಕೆ ಹೊಸ ಚಟದೊಂದಿಗೆ ಹೊರಬರುತ್ತಾನೆ. ಗೆಳೆಯ ಕೊಟ್ಟ ಅಲ್ಪ್ರಜೋಲಾಂ ಎಂಬ ಆತಂಕ ತಗ್ಗಿಸುವ ಮಾತ್ರೆ ಇನ್ನೂ ಕೆಟ್ಟದ್ದು. ‘ಭಂಗಿ ಬೇರೆ, ಗಾಂಜಾ ಬೇರೆ’ ಎಂಬ ವಾದ ಕಾನೂನಿನಲ್ಲಿ ಸ್ವಲ್ಪ ನಡೆದೀತು, ಮೆದುಳಿನಲ್ಲಿ ನಡೆಯುವುದಿಲ್ಲ. ಎರಡರಲ್ಲೂ ಇರುವುದು ಟಿಎಚ್‌ಸಿಯೇ. ಆಯುರ್ವೇದದ ಹೆಸರಿನಲ್ಲಿ ಸಿಗುವ ‘ವಿಜಯಾ’ ಎಣ್ಣೆಗಳೂ ಅದೇ ಗಿಡದವು. ವೈದ್ಯರು ಅದನ್ನು ನೋವಿಗೆ ಬರೆದುಕೊಟ್ಟಿದ್ದರೆ ರಜೆಯ ವಿಷಯ ಅವರೊಂದಿಗೇ ಮಾತನಾಡಿ.

ಎರಡನೆಯ ವಾರದಿಂದ

ಮೈಯ ಕಾಟ ಬಹುಮಟ್ಟಿಗೆ ಎರಡು ವಾರಕ್ಕೆ ಮುಗಿಯುತ್ತದೆ. ಕನಸುಗಳು ಮಾತ್ರ ನಿಲ್ಲುವುದಿಲ್ಲ. ಗಾಂಜಾ ಕನಸಿನ ನಿದ್ದೆಯನ್ನು ತಗ್ಗಿಸಿಟ್ಟಿರುತ್ತದೆ, ಅದು ತೆರವಾದೊಡನೆ ಕಟ್ಟೆ ಒಡೆದಂತೆ ಕನಸುಗಳು ನುಗ್ಗುತ್ತವೆ. ಪರೀಕ್ಷೆಗೆ ಓದಿಲ್ಲ, ರೈಲು ತಪ್ಪಿತು, ಸತ್ತ ಅಜ್ಜಿ ಹಜಾರದಲ್ಲಿ ಕೂತು ಎಲೆಯಡಿಕೆ ಕೇಳುತ್ತಿದ್ದಾಳೆ. ಕನಸಿನಲ್ಲಿ ನೀವೇ ಸೇದಿಬಿಟ್ಟು ಬೆಳಿಗ್ಗೆ ರಜೆ ಮುರಿಯಿತೆಂದು ಕೊರಗುವುದೂ ಉಂಟು. ಕೆಲವರಿಗೆ ಇದು ತಿಂಗಳು ದಾಟುತ್ತದೆ.

ಆಗ ಎದುರಾಗುವುದು ಬೇಸರ. ದಿನಕ್ಕೆ ಎರಡು ಮೂರು ಗಂಟೆ ಖಾಲಿ ಬೀಳುತ್ತದೆ, ಅದಕ್ಕೊಂದು ನಿಗದಿಯಾದ ಕೆಲಸ ಮೊದಲೇ ಗೊತ್ತುಮಾಡಿ: ಈಜು ತರಗತಿ, ಸಂಗೀತ, ಮನೆಗೆ ಸುಣ್ಣ, ಏನಾದರೂ. ಉಳಿದ ದುಡ್ಡನ್ನು ದಿನವೂ ಒಂದು ಲಕೋಟೆಗೆ ಹಾಕಿ. ಹದಿನೈದನೆಯ ದಿನ ಎಣಿಸಿದಾಗ ನನಗೆ ಸ್ವಲ್ಪ ಅವಮಾನವೇ ಆಯಿತು.

ಕಾನೂನಿನ ಮಾತು, ಚಿಕ್ಕದಾಗಿ

ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅದೇ ಕಾಯ್ದೆಯ 64ಎ ಸೆಕ್ಷನ್ ಅನೇಕರಿಗೆ ಗೊತ್ತಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ, ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಮಿತಿಯೊಳಗೆ ಅನುಮತಿ ಇದೆ. ಅಲ್ಲಿರುವ ಕನ್ನಡಿಗರಿಗೆ ಪೊಟ್ಟಣದ ಮೇಲೆ ಟಿಎಚ್‌ಸಿಯ ಪ್ರಮಾಣ ಬರೆದಿರುವುದು ಮುಂದಿನ ಹೆಜ್ಜೆಯಲ್ಲಿ ಬಹಳ ಅನುಕೂಲ.

ಮರಳುವುದಾದರೆ

29ನೆಯ ದಿನ ಮಾಡುವ ದೊಡ್ಡ ತಪ್ಪು ಹಳೆಯ ಅಳತೆಗೇ ಹೋಗುವುದು. ಗ್ರಾಹಕಗಳು ಮರಳಿವೆ, ನಿಮ್ಮ ಕೈಯ ಅಂದಾಜು ಮಾತ್ರ ಹಳೆಯದೇ ಇದೆ. ಅಮಲಿನ ಜೊತೆಗೆ ಎದೆಬಡಿತದ ಒಗ್ಗಿಕೆಯೂ ಹೋಗಿರುತ್ತದೆ. ಗುಂಡಿಗೆ ಓಡತೊಡಗಿದಾಗ ಹೃದಯಾಘಾತವೆಂದೇ ಹೆದರುವವರಿದ್ದಾರೆ. ಹೃದ್ರೋಗ ಇರುವವರಿಗೆ ಇದು ಬರಿಯ ಹೆದರಿಕೆಯಲ್ಲ, ನಿಜವಾದ ಅಪಾಯ. ಉಳಿದವರು ಮೊದಲಿಗೆ ಒಂದೇ ದಮ್ಮು ಎಳೆದು ಕಾಲು ಗಂಟೆ ಸುಮ್ಮನೆ ಕೂರಿ.

ತಿನ್ನುವ, ಕುಡಿಯುವ ರೂಪಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಹೊಟ್ಟೆಗೆ ಹೋದ ಟಿಎಚ್‌ಸಿಯನ್ನು ಯಕೃತ್ತು ಇನ್ನೊಂದು ಪ್ರಬಲ ರೂಪಕ್ಕೆ ತಿರುಗಿಸುತ್ತದೆ. ಅದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ‘ಏನೂ ಆಗುತ್ತಿಲ್ಲ’ ಎಂದು ಇನ್ನೊಂದು ಲೋಟ ಭಂಗಿ ಕುಡಿದವನ ಗತಿ ಹೋಳಿಯ ಮರುದಿನ ಆಸ್ಪತ್ರೆಗಳಿಗೆ ಗೊತ್ತು. ಪ್ರಮಾಣ ಬರೆದಿರುವ ದೇಶಗಳಲ್ಲಿ 2.5 ಮಿಲಿಗ್ರಾಂನಿಂದ ಆರಂಭಿಸಿ. ಆ ದಿನ ಬೈಕಿನ ಕೀಲಿ ಬೇರೆಯವರ ಕೈಯಲ್ಲಿರಲಿ.

ಏರುವುದನ್ನು ತಡೆಯಲು ವಾರಕ್ಕೆ ಇಂತಿಷ್ಟೇ ದಿನ ಎಂದು ಗೊತ್ತುಮಾಡಬೇಕು. ನನ್ನ ಅನುಭವದಲ್ಲಿ ‘ಕಡಿಮೆ ಸೇದುತ್ತೇನೆ’ ಎಂಬುದು ಮೂರು ವಾರದಲ್ಲಿ ಕರಗುತ್ತದೆ, ‘ಶನಿವಾರ ಮಾತ್ರ’ ಎಂಬುದು ನಿಲ್ಲುತ್ತದೆ.

ಎರಡು ಮೂರು ಸಲ ಪ್ರಯತ್ನಿಸಿಯೂ ಮೊದಲ ವಾರ ದಾಟಲಾಗದಿದ್ದರೆ, ಮಂಕು ಹೆಚ್ಚಾಗಿ ಸಾಯುವ ಯೋಚನೆ ಬಂದರೆ, ಒಬ್ಬರೇ ಒದ್ದಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ ಕರೆ, ಕನ್ನಡದಲ್ಲೇ ಮಾತನಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ, ಧಾರವಾಡದ ಸುತ್ತಿನವರಿಗೆ ಡಿಮ್ಹಾನ್ಸ್ ಹತ್ತಿರ.

ನನ್ನ 29ನೆಯ ದಿನ ಶನಿವಾರವಾಗಿತ್ತು. ಗೆಳೆಯನ ಮನೆಯಲ್ಲಿಟ್ಟಿದ್ದ ಕಪ್ಪು ಡಬ್ಬಿಯನ್ನು ತಂದೆ. ತಂಬಾಕಿಲ್ಲದ ಎರಡು ದಮ್ಮಿಗೇ ಪಕ್ಕದ ಮನೆಯ ರೇಡಿಯೊ ಇಂಪಾಗಿ ಕೇಳತೊಡಗಿತು, ಎದೆ ಸ್ವಲ್ಪ ಜೋರಾಗಿ ಬಡಿಯಿತು. ಉಳಿದದ್ದನ್ನು ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಮುಂದಿನ ಶನಿವಾರದ ತಾರೀಖು ಬರೆದ ಚೀಟಿ ಅಂಟಿಸಿ, ಗೆಳೆಯನ ಕೈಗೇ ವಾಪಸು ಕೊಟ್ಟು ಬಂದೆ.